ಜೋಯಿಸನ ಹದಿನೆಂಟು ಉಗುರು

ಬೆಕ್ಕಿನ ಉಗುರು ಕತ್ತರಿಸಲೆಂದು ಸರ್ಕಾರ ನನಗೆ ಸಂಬಳ ಕೊಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಎದುರಿಗೆ ಸಿಕ್ಕವರೆಲ್ಲ ನನ್ನನ್ನು ಚುಚ್ಚಿದ್ದು ಈ ಮಾತಿನಿಂದಲೇ. ಈಗ ಓದುವವರೂ ಅದನ್ನೇ ಹೇಳುವುದು ಬೇಡ. ನಾನು ಮೈಸೂರಿನ ಒಂದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವುದು, ಜಟಕಾ ಕುದುರೆಗಳ ಹೆಗಲ ಹುಣ್ಣು ತೊಳೆಯುವುದು, ಅಡ್ಡಾದಿಡ್ಡಿ ಬೆಳೆದ ಗೊರಸು ಕೆತ್ತುವುದು, ಇವು ನನ್ನ ಕೆಲಸ. ನಮ್ಮ ಆಸ್ಪತ್ರೆಗೆ ಬೆಕ್ಕು ಬರುತ್ತಿದ್ದದ್ದು ಇಲಿ ಹಿಡಿಯುವುದಕ್ಕೆ ಮಾತ್ರ.

ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಎರಡು ಮೂರು ವರ್ಷವಾಗಿತ್ತು. ಗಣೇಶನ ಹಬ್ಬದ ಮಾರನೆಯ ದಿನ ಒಬ್ಬ ನಿವೃತ್ತ ಅಮಲ್ದಾರರು ಜಟಕಾದಲ್ಲಿ ಆಸ್ಪತ್ರೆಗೆ ಬಂದರು. ಕೃಷ್ಣಮೂರ್ತಿಪುರಂನಲ್ಲಿ ಅವರ ಮನೆ. ಕೆಲಸ ಬಿಟ್ಟು ಎಷ್ಟು ವರ್ಷವಾಗಿದ್ದರೂ ಅಮಲ್ದಾರಿಕೆ ಅವರನ್ನು ಬಿಟ್ಟಿರಲಿಲ್ಲ. ನಮ್ಮ ಡಾಕ್ಟರು ಮೊದಲು ಕೆಲಸಕ್ಕೆ ಸೇರಿದ್ದು ಅವರ ತಾಲ್ಲೂಕಿನಲ್ಲಂತೆ, ಅವರನ್ನು ಕಂಡ ಕೂಡಲೇ ಕುರ್ಚಿಯಿಂದ ಎದ್ದು ನಿಂತರು. ಅಮಲ್ದಾರರು ಒಂದು ಡಬ್ಬಿ ತೆರೆದು ಜರಿಪೇಟವನ್ನು ಹೊರಗೆ ತೆಗೆದರು. ದಸರೆಯ ದರ್ಬಾರಿಗೆಂದು ಹೊಸದಾಗಿ ಕಟ್ಟಿಸಿ, ಮರದ ಅಚ್ಚಿನ ಮೇಲೆ ಕೂರಿಸಿಟ್ಟಿದ್ದ ಪೇಟ. ಅದರ ಒಂದು ಮಗ್ಗುಲಲ್ಲಿ ಜರಿ ಎಳೆಗಳು ಕಿತ್ತು ಜೋಲಾಡುತ್ತಿದ್ದವು.

ಅದು ಅವರ ಮನೆಯ ಬೆಕ್ಕಿನ ಕೆಲಸ. ಇದಕ್ಕೆ ಮುಂಚೆ ಕೆಂಪು ಮಖಮಲ್ಲಿನ ಸೋಫಾವನ್ನೂ ಅದು ಪರಚಿತ್ತು. ಯಾವುದೋ ದೊಡ್ಡ ಬಂಗಲೆಯ ಹರಾಜಿನಲ್ಲಿ ಹಿಡಿದ ಸೋಫಾ ಅದು, ಅವರ ಪ್ರಾಣ. ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ದೂರ ಬಿಟ್ಟುಬರೋಣವೆಂದರೆ ಅದು ಅವರ ವಿಧವೆ ಅಕ್ಕನ ಬೆಕ್ಕು. ಅದು ಹೋದರೆ ತಾನೂ ಹೊರಡುತ್ತೇನೆ ಎನ್ನುತ್ತಿದ್ದರಂತೆ. ಅದಕ್ಕೇ ಅಮಲ್ದಾರರು ಬೇರೆ ದಾರಿ ಹುಡುಕಿದ್ದರು. ಕೋಟಿನ ಜೇಬಿನಿಂದ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ ತೆಗೆದು ಡಾಕ್ಟರ ಮುಂದೆ ಹರಡಿದರು. ಹೊರದೇಶದಲ್ಲಿ ಬೆಕ್ಕಿನ ಮುಂಗಾಲಿನ ಉಗುರನ್ನು ಆಪರೇಷನ್ ಮಾಡಿ ತೆಗೆದುಬಿಡುತ್ತಾರಂತೆ. ಆಮೇಲೆ ಬೆಕ್ಕೂ ಇರುತ್ತದೆ, ಸೋಫಾನೂ ಇರುತ್ತದೆ. ಡಾಕ್ಟರು ಹಾಳೆಯನ್ನು ಎರಡು ಸಲ ಓದಿ ಆಗಲಿ ಎಂದರು. ಬುಧವಾರಕ್ಕೆ ಕ್ಲೋರೋಫಾರ್ಮ್ ತಯಾರಿರಲಿ ಎಂದು ನನ್ನ ಕಡೆ ತಿರುಗಿದರು.

ಅವರು ಹೋದ ಮೇಲೆ ನಾನು ಡಾಕ್ಟರನ್ನು ಕೇಳಿದೆ, ಉಗುರು ಮತ್ತೆ ಬೆಳೆಯುವುದಿಲ್ಲವೇ ಎಂದು. ಬರೀ ಉಗುರು ಕಿತ್ತರೆ ಬೆಳೆಯುತ್ತದೆ, ಅದಕ್ಕೇ ಅದು ಹುಟ್ಟುವ ಮೂಳೆಯನ್ನೂ ಸೇರಿಸಿ ತೆಗೆಯಬೇಕು ಎಂದರು. ನನಗೆ ತಿಳಿಯಲಿ ಎಂದು ನನ್ನ ತೋರುಬೆರಳು ಹಿಡಿದು ಮೇಲಿನ ಗೆಣ್ಣಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಇಲ್ಲಿಗೆ, ಎಂದರು. ಹತ್ತು ಬೆರಳಿಗೂ.

ಸಂಜೆ ಮನೆಯಲ್ಲಿ ಮುದ್ದೆ ಮುರಿಯುವಾಗ ಆ ಗೆರೆ ಇನ್ನೂ ಇತ್ತು. ಕೈ ತೊಳೆದಿದ್ದರೂ ಗೆಣ್ಣಿನ ಸುಕ್ಕಿನಲ್ಲಿ ಕೂತುಬಿಟ್ಟಿತ್ತು. ಆ ಬೆರಳನ್ನು ಬಿಟ್ಟು ಮುದ್ದೆ ಮುರಿಯಲು ನೋಡಿದೆ, ಆಗಲಿಲ್ಲ. ನನಗೆ ಎಂಥ ಸಿಟ್ಟು ಬಂತು ಎಂದರೆ ಅರ್ಧ ಊಟಕ್ಕೇ ಎದ್ದುಬಿಟ್ಟೆ. ನಾನು ಸಾಧುವಲ್ಲ. ಕೋಡು ಕೊಯ್ದಿದ್ದೇನೆ, ಹೋರಿಗಳ ಬೀಜ ಒಡೆದಿದ್ದೇನೆ, ಕೊಳೆತ ಗೊರಸನ್ನು ಅರ್ಧಕ್ಕರ್ಧ ಕೆತ್ತಿ ಬಿಸಾಕಿದ್ದೇನೆ. ಅವೆಲ್ಲ ಪ್ರಾಣಿಯ ನೋವಿಗೋ ರೈತನ ಹೊಟ್ಟೆಪಾಡಿಗೋ ಮಾಡಿದ್ದು. ಹರಾಜಿನ ಸೋಫಾಕ್ಕೋಸ್ಕರ ಒಂದು ಜೀವದ ಹತ್ತು ಬೆರಳು ಮೊಟಕು ಮಾಡುವ ಕೆಲಸ ನನಗೆ ಯಾರೂ ಕಲಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರ ಮುಂದೆ ನಿಂತೆ.

"ನಾನು ಹಿಡ್ಕಳಲ್ಲ ಸಾರ್," ಎಂದೆ. "ಬೇಕಾದ್ರೆ ವರ್ಗ ಮಾಡ್ಬುಡಿ."

ವರ್ಗ ಮಾಡಿಸುವುದು ಅವರಿಗೆ ಕಷ್ಟದ್ದೇನಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಒಂದು ಡಿಸ್ಪೆನ್ಸರಿ ಯಾವಾಗಲೂ ಖಾಲಿ ಬಿದ್ದಿರುತ್ತಿತ್ತು. ಮೇಲಿನವರಿಗೆ ಬೇಡವಾದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಡಾಕ್ಟರು ಅದನ್ನೇ ನೆನಪಿಸಿದರು. ಆ ಹೊತ್ತಿಗೆ ಸರಿಯಾಗಿ ಅಮಲ್ದಾರರೇ ಬಂದರು. ವಿಷಯ ಕೇಳಿ, ಕಾಂಪೌಂಡರಿಗೆ ಇಷ್ಟು ಕೊಬ್ಬೇ ಎಂದು ಡಾಕ್ಟರನ್ನು ಕೇಳಿದರು, ನನ್ನನ್ನಲ್ಲ. ಅವರ ತಾಲ್ಲೂಕಿನಲ್ಲಿ ನಮ್ಮಂಥವರು ತಲೆ ಬಗ್ಗಿಸಿ ಅವರನ್ನು 'ಬುದ್ಧಿ' ಎಂದೇ ಕರೆಯಬೇಕಾಗಿತ್ತು. ನಾನು 'ಸ್ವಾಮಿ' ಎಂದು ಶುರು ಮಾಡಿ, ಉಗುರಿನ ಚೂಪು ತೆಗೆದರೆ ಸಾಕು, ಬುಡ ತೆಗೆಯಬೇಕಾಗಿಲ್ಲ, ಹದಿನೈದು ದಿನಕ್ಕೊಂದು ಸಲ ನಾನೇ ಬಂದು ತುದಿ ಕತ್ತರಿಸಿಕೊಡುತ್ತೇನೆ ಎಂದೆ. ಅಮಲ್ದಾರರು ನಕ್ಕರು. ನಕ್ಕು ಒಂದು ಕರಾರು ಹಾಕಿದರು. ನವರಾತ್ರಿಯ ಪಾಡ್ಯದವರೆಗೆ ಗಡುವು. ಅಷ್ಟರೊಳಗೆ ಸೋಫಾದಲ್ಲಾಗಲಿ ಪೇಟದಲ್ಲಾಗಲಿ ಹೊಸದಾಗಿ ಒಂದೇ ಒಂದು ಎಳೆ ಎದ್ದರೂ ಆಪರೇಷನ್ ಆಗಬೇಕು, ಕ್ಲೋರೋಫಾರ್ಮ್ ಬಟ್ಟೆಯನ್ನು ಬೆಕ್ಕಿನ ಮೂತಿಗೆ ನಾನೇ ಹಿಡಿಯಬೇಕು.

ಒಪ್ಪಿದೆ. ಹತ್ತಿರ ಹತ್ತಿರ ಒಂದು ತಿಂಗಳಿದೆಯಲ್ಲ ಎಂಬ ಧೈರ್ಯ. ಪಂಚಾಂಗ ನೋಡಲಿಲ್ಲ. ಅದು ನನ್ನ ತಪ್ಪು, ಅದರ ಕಥೆ ಮುಂದೆ ಬರುತ್ತದೆ.

ಮೊದಲ ದಿನದ ಕೆಲಸ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಗೊರಸು ಕತ್ತರಿಸುವ ದೊಡ್ಡ ಇಕ್ಕಳದಲ್ಲೇ ಚಿಕ್ಕದನ್ನು ಆರಿಸಿಕೊಂಡು, ಒಂದು ಗೋಣಿಚೀಲ ತೆಗೆದುಕೊಂಡು ಅಮಲ್ದಾರರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಅಕ್ಕ. ಅರವತ್ತು ದಾಟಿದವರು, ಸಣ್ಣ ಮೈ, ಮನೆಯವರಿಗೂ ಬೀದಿಯವರಿಗೂ ಅಕ್ಕಯ್ಯ. ಬೆಕ್ಕು ಅವರ ಹಿಂದೆಯೇ ಬಂತು. ಹುಲಿಪಟ್ಟೆಯ ಗಂಡು ಬೆಕ್ಕು. ಕಣ್ಣು ಅರೆಮುಚ್ಚಿ ಗೋಡೆ ನೋಡುತ್ತಾ ಕೂತರೆ ಯಾರದೋ ಜಾತಕದ ಲೆಕ್ಕ ಹಾಕುವ ಹಾಗೆ ಕಾಣುತ್ತಿತ್ತೆಂದು ಅದಕ್ಕೆ ಜೋಯಿಸ ಎಂದು ಹೆಸರಿಟ್ಟಿದ್ದರು. ಜೋಯಿಸ ನನ್ನನ್ನು ಮೂಸಿದ. ನನ್ನ ಬಟ್ಟೆಯಲ್ಲಿ ಊರಿನ ಎತ್ತುಗಳ ವಾಸನೆಯೆಲ್ಲ ಇದ್ದಿರಬೇಕು, ಒಂದು ಹೆಜ್ಜೆ ಹಿಂದೆ ಸರಿದ.

ಎತ್ತು ಕೆಡವಿ ಅಭ್ಯಾಸವಿದ್ದವನು ನಾನು. ಬೆಕ್ಕಿನ ಕುತ್ತಿಗೆಯ ಹಿಂದಿನ ಚರ್ಮ ಹಿಡಿದೆತ್ತಿ, ಗೋಣಿಗೆ ತುಂಬಿ, ಒಂದು ಮುಂಗಾಲನ್ನು ಮಾತ್ರ ಹೊರಗೆ ಎಳೆದುಕೊಂಡು, ಮೊಣಕಾಲಿನಡಿ ಗೋಣಿಯನ್ನು ಒತ್ತಿ, ಒಂದು ಉಗುರು ಕತ್ತರಿಸಿದೆ. ಜೋಯಿಸ ಅರಚಿದ್ದನ್ನು ಕೇಳಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ರಕ್ತ ಬಂತು. ಎತ್ತಿನ ಗೊರಸಿನ ತುದಿಗೆ ಎಷ್ಟು ಇಕ್ಕಳ ಇಟ್ಟರೂ ನೋವಾಗುವುದಿಲ್ಲ, ಅಷ್ಟು ದಪ್ಪ. ಬೆಕ್ಕಿನ ಉಗುರಿನೊಳಗೆ ಅರ್ಧದವರೆಗೂ ಜೀವವಿದೆ ಎಂಬುದು ನನಗೆ ಅದನ್ನು ಕತ್ತರಿಸಿದ ಮೇಲೆ ತಿಳಿಯಿತು. ಅವನು ಗೋಣಿ ಹರಿದುಕೊಂಡು, ನನ್ನ ಮಣಿಕಟ್ಟಿನಿಂದ ಮೊಣಕೈವರೆಗೆ ನಾಲ್ಕು ಗೀರು ಎಳೆದು, ಹಿತ್ತಲಿನ ಸೌದೆಯ ರಾಶಿಯೊಳಗೆ ನುಗ್ಗಿದ. ಅಮಲ್ದಾರರು ಹಜಾರದಲ್ಲಿ ಕೂತೇ ಗಟ್ಟಿಯಾಗಿ ನಕ್ಕರು.

ಅಕ್ಕಯ್ಯ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ತಂಬಿಗೆಯಲ್ಲಿ ನೀರು ತಂದು ನನ್ನ ಕೈ ಮೇಲೆ ಹೊಯ್ದರು, ಅರಿಶಿನ ಕೊಟ್ಟರು. ಸೌದೆಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊರಗೆ ಚಾಚಿದ್ದ ಆ ಪಾದಕ್ಕೆ ಪಟಿಕದ ತುಂಡು ಒತ್ತಿ ಹಿಡಿದರು. ರಕ್ತ ನಿಂತ ಮೇಲೆ ನನ್ನ ಕಡೆ ನೋಡಿದರು.

"ಎತ್ತು ಕೆಡವೋ ಹಾಗೆ ಕೆಡವಿದ್ರೆ ಯಾರಪ್ಪಾ ಕಾಲು ಕೊಡ್ತಾರೆ?" ಎಂದರು.

ಆ ಮಾತನ್ನು ಮನಸ್ಸಿಗೆ ಹಾಕಿಕೊಂಡು ವಾಪಸು ಬಂದೆ. ನಮ್ಮ ಆಸ್ಪತ್ರೆಯಲ್ಲಿ ಇಲಿ ಹಿಡಿಯುವ ಒಂದು ಬಿಳಿ ಬೆಕ್ಕಿತ್ತು. ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಮಲಗುತ್ತಿತ್ತು. ಎರಡು ದಿನ ಅದರ ಪಕ್ಕದಲ್ಲೇ ಕೂತೆ. ನಿದ್ದೆಯಲ್ಲಿದ್ದಾಗ ಬೆರಳನ್ನು ಮೇಲಿಂದಲೂ ಕೆಳಗಿನಿಂದಲೂ ಮೆಲ್ಲಗೆ ಅದುಮಿದರೆ ಒಳಗಿದ್ದ ಉಗುರು ತಾನಾಗಿ ಹೊರಗೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಬುಡದಿಂದ ನಸುಗೆಂಪು ಬಣ್ಣ ಒಳಗೆ ಹರಿದಿರುವುದು ಕಾಣುತ್ತದೆ. ಅದೇ ಜೀವ. ಅದು ಮುಗಿದ ಮೇಲೆ ಕೊಕ್ಕೆಯಂತೆ ಬಾಗಿದ ತುದಿ ಮಾತ್ರ ಸತ್ತದ್ದು. ಕೆಂಪು ನಿಂತ ಜಾಗದಿಂದ ಅಕ್ಕಿಕಾಳಿನಷ್ಟು ಬಿಟ್ಟು ಕತ್ತರಿಸಿದರೆ ಬೆಕ್ಕಿಗೆ ತಿಳಿಯುವುದೂ ಇಲ್ಲ. ಒಳಮಗ್ಗುಲಿನ ಹೆಬ್ಬೆರಳು ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಅದರ ಉಗುರು ಸವೆಯುವುದಿಲ್ಲ. ನೋಡದೆ ಬಿಟ್ಟರೆ ಸುತ್ತಿಕೊಂಡು ತನ್ನ ಮಾಂಸಕ್ಕೇ ಚುಚ್ಚುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಆ ಬಿಳಿ ಬೆಕ್ಕು, ಮಲಗಿಕೊಂಡೇ.

ಇಕ್ಕಳ ಬಿಟ್ಟು, ಪರಿಚಯದ ಅಕ್ಕಸಾಲಿಯೊಬ್ಬರ ಹತ್ತಿರ ಬೆಳ್ಳಿ ತಂತಿ ಕತ್ತರಿಸುವ ಸಣ್ಣ ಕತ್ತರಿ ಕೇಳಿ ತಂದೆ. ಏತಕ್ಕೆ ಎಂದರು. ಹೇಳಿದೆ. ಅವರ ಅಂಗಡಿಯಲ್ಲಿ ಕೂತಿದ್ದವರೆಲ್ಲ ನಗಾಡಿದರು, ಮಾರನೆಯ ದಿನದಿಂದ ಆ ಬೀದಿಯಲ್ಲಿ ನನಗೆ ಉಗುರು ಡಾಕ್ಟ್ರು ಎಂದು ಹೆಸರಾಯಿತು. ಆಗಲಿ, ಡಾಕ್ಟ್ರು ಎಂದಾದರೂ ಅಂದರಲ್ಲ.

ಎರಡನೆಯ ಸಲ ಗೋಣಿ ಒಯ್ಯಲಿಲ್ಲ. ಅಕ್ಕಯ್ಯನ ಜೊತೆ ಮಾತಾಡಿ ಹೊತ್ತು ಗೊತ್ತುಮಾಡಿಕೊಂಡೆ. ಜೋಯಿಸನಿಗೆ ಮಧ್ಯಾಹ್ನ ಮೊಸರನ್ನ ತಿಂದ ಮೇಲೆ ಅಕ್ಕಯ್ಯನ ಮಡಿಲಲ್ಲಿ ನಿದ್ದೆ. ಆ ಹೊತ್ತಿಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅವರು ಕೂರಬೇಕು, ಒಗೆದು ಮೆತ್ತಗಾದ ಹಳೆಯ ಸೀರೆಯಲ್ಲಿ ಅವನನ್ನು ಸಡಿಲವಾಗಿ ಸುತ್ತಿಕೊಳ್ಳಬೇಕು, ನಾನು ಕೆಳಗೆ ಕೂತು ಒಂದೇ ಕಾಲು ಹಿಡಿಯಬೇಕು. ಮೊದಲ ದಿನ ಕತ್ತರಿಸಲೇ ಇಲ್ಲ, ಬೆರಳು ಅದುಮಿ ಬಿಟ್ಟೆ, ಅಷ್ಟೇ. ಮಾರನೆಯ ದಿನ ಎರಡು ಉಗುರು. ಟಿಕ್, ಟಿಕ್. ಜೋಯಿಸ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಅಕ್ಕಯ್ಯ ಬಿದ್ದ ಚೂರುಗಳನ್ನು ಹುಡುಕಿ ಎಲೆಯಲ್ಲಿ ಸುತ್ತಿ ಗೋಡೆಯಾಚೆ ಎಸೆದರು. ಮನೆಯ ನೆಲದಲ್ಲಿ ಉಗುರು ಉಳಿಯಬಾರದಂತೆ.

ಅವರ ನೇಮಗಳು ಅಷ್ಟಕ್ಕೇ ನಿಲ್ಲಲಿಲ್ಲ. ಮಂಗಳವಾರ ಉಗುರು ತೆಗೆಯುವ ಹಾಗಿಲ್ಲ. ಶುಕ್ರವಾರ ಇಲ್ಲ, ಶನಿವಾರ ಇಲ್ಲ. ಏಕಾದಶಿ ಇಲ್ಲ. ದೀಪ ಹಚ್ಚಿದ ಮೇಲಂತೂ ಯಾವ ದಿನವೂ ಇಲ್ಲ. ಬೆಕ್ಕಿಗೇನಮ್ಮಾ ವಾರ ತಿಥಿ ಎಂದರೆ, ಕತ್ತರಿ ಹಿಡಿಯುವವನು ಮನುಷ್ಯನಲ್ಲವೇ, ಮನೆ ಮನುಷ್ಯರದಲ್ಲವೇ ಎನ್ನುತ್ತಿದ್ದರು. ನಾನು ಮೊಂಡ, ಅವರು ನನಗಿಂತ ಮೊಂಡು. ಇರುವ ದಿನಗಳನ್ನೇ ಹೊಂದಿಸಿಕೊಂಡು ಹುಣ್ಣಿಮೆಯ ಹಿಂದಿನ ದಿನಕ್ಕೆ ಮುಂಗಾಲಿನ ಹತ್ತು ಉಗುರನ್ನೂ ಮುಗಿಸಿದೆ. ಗಾಯವಾಗಿದ್ದ ಬೆರಳೂ ಅಷ್ಟರಲ್ಲಿ ವಾಸಿಯಾಗಿತ್ತು. ಜೋಯಿಸನ ಪಂಜವನ್ನು ನನ್ನ ಕೆನ್ನೆಯ ಮೇಲೆ ಎಳೆದುಕೊಂಡು ನೋಡಿದೆ, ಗೀರು ಬೀಳಲಿಲ್ಲ. ಅಮಲ್ದಾರರಿಗೂ ತೋರಿಸಿದೆ. ಅವರು ಕನ್ನಡಕ ಏರಿಸಿ ಸೋಫಾ ನೋಡಿದರು, ಬೆಕ್ಕನ್ನು ನೋಡಲಿಲ್ಲ.

ಆ ದಿನ ಹೊರಡುವಾಗ, ಇನ್ನು ಹನ್ನೆರಡು ದಿನ ಬಿಟ್ಟು ಬರುತ್ತೇನೆ, ಮತ್ತೆ ಚೂಪಾಗಿರುತ್ತದೆ ಎಂದೆ. ಅಕ್ಕಯ್ಯ ತಲೆಯಾಡಿಸಿದರು. ಆಗ ಪಕ್ಷವಲ್ಲವೇ ಎಂದರು.

ಪಿತೃಪಕ್ಷ. ಹುಣ್ಣಿಮೆಯ ಮಾರನೆಯ ದಿನದಿಂದ ಮಹಾಲಯ ಅಮಾವಾಸ್ಯೆಯವರೆಗೆ ಆ ಮನೆಯಲ್ಲಿ ಯಾರೂ ಕೂದಲು, ಉಗುರು ತೆಗೆಯುವ ಹಾಗಿಲ್ಲ. ಅಮಾವಾಸ್ಯೆಯ ಮಾರನೆಯ ದಿನವೇ ಪಾಡ್ಯ, ನನ್ನ ಗಡುವು. ಅಂದರೆ ನಾನು ಕೇಳಿ ಪಡೆದ ದಿನಗಳಲ್ಲಿ ಹದಿನೈದು ನನ್ನದಾಗಿರಲೇ ಇಲ್ಲ. ನಮ್ಮ ಮನೆಯಲ್ಲೂ ಪಕ್ಷ ಮಾಡುತ್ತೇವೆ, ಹಿರಿಯರಿಗೆ ಎಡೆ ಇಡುತ್ತೇವೆ, ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಸಿಟ್ಟಿನಲ್ಲಿ ಕರಾರಿಗೆ ಒಪ್ಪಿದವನಿಗೆ ತಿಥಿ ಎಲ್ಲಿ ನೆನಪಾಗಬೇಕು? ಅಕ್ಕಯ್ಯನನ್ನು ಬೇಡಿಕೊಂಡೆ. ಆಗುವುದಿಲ್ಲ ಎಂದರು. ತಂದೆತಾಯಿ, ಗಂಡ ಎಲ್ಲರೂ ಅಲ್ಲಿರುವವರು, ಈ ಹದಿನೈದು ದಿನ ಅವರು ಬಾಗಿಲಲ್ಲಿ ನಿಂತಿರುತ್ತಾರೆ, ಅವರ ಮುಂದೆ ಉಗುರು ಬೀಳಿಸಲೇ ಎಂದು ಕೇಳಿದರು.

ಆವತ್ತು ಹಜಾರದ ಮೂಲಕ ಹೊರಗೆ ಬರುವಾಗ ಸೋಫಾದ ಹಿಂದೆ ಬಗ್ಗಿ ನೋಡಿದೆ. ಪರಚಿದ ಜಾಗದ ಕೆಳಗೆ ನೆಲದಲ್ಲಿ ಭತ್ತದ ಹೊಟ್ಟಿನಂಥ ನಾಲ್ಕಾರು ಸಿಪ್ಪೆಗಳು ಬಿದ್ದಿದ್ದವು. ಎತ್ತಿ ಬೆಳಕಿಗೆ ಹಿಡಿದೆ. ಉಗುರಿನ ಮೇಲಿನ ಹಳೆಯ ಪದರ. ಬೆಕ್ಕು ಅದನ್ನು ಕಳಚಿಕೊಳ್ಳುವುದಕ್ಕೇ ಪರಚುತ್ತದೆ, ಅಮಲ್ದಾರರ ಮೇಲಿನ ಹಗೆಯಿಂದಲ್ಲ. ತನ್ನ ಉಗುರನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ ಜೋಯಿಸ. ಅದಕ್ಕೆ ಅವನಿಗೆ ಎತ್ತರವಾದ, ಅಲುಗಾಡದ, ಒರಟಾದ ಒಂದು ಜಾಗ ಬೇಕು. ಗಾರೆಯ ನೆಲ, ನುಣುಪು ಕಂಬ, ಎಣ್ಣೆ ಹಚ್ಚಿದ ಬಾಗಿಲು ಇರುವ ಆ ಮನೆಯಲ್ಲಿ ಅಂಥದ್ದು ಸೋಫಾ ಒಂದೇ. ಕತ್ತರಿ ಹಿಡಿಯಬೇಡ ಎಂದರೆ ಬೇಡ, ಅವನಿಗೆ ಇನ್ನೊಂದು ಜಾಗ ಮಾಡಿಕೊಡುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ.

ಹೋರಿಗಳನ್ನು ನಿಲ್ಲಿಸಿ ಕಟ್ಟುವ ನಮ್ಮ ಆಸ್ಪತ್ರೆಯ ಮರದ ಚೌಕಟ್ಟಿನಿಂದ ಕಿತ್ತು ಹಾಕಿದ್ದ ಹಳೆಯ ಗೂಟವೊಂದು ಹಿಂದೆ ಬಿದ್ದಿತ್ತು. ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡದೆ ತಗೊಂಡು ಹೋಗಿ ಎಂದರು. ಅದರ ಅಡಿಗೆ ಅಗಲವಾದ ಹಲಗೆ ಹೊಡೆದೆ, ಅಲುಗಾಡದಂತೆ. ಸೊಂಟದೆತ್ತರದವರೆಗೆ ಸವೆದ ಬಾವಿಹಗ್ಗವನ್ನು ಬಿಗಿಯಾಗಿ ಸುತ್ತಿದೆ. ಭಾನುವಾರ ಕಡಕೊಳದಾಚೆಯ ನಮ್ಮೂರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ಬಿದ್ದು ಬಿದ್ದು ನಕ್ಕಳು. ಓದ್ಸಿದ್ದು ಇದಕ್ಕೇನ್ಲಾ ಎಂದಳು. ಆಮೇಲೆ ಹಿತ್ತಲಿಗೆ ಹೋಗಿ ಕುಪ್ಪಿಗಿಡದ ಬೇರು ಕಿತ್ತು ತಂದು, ಇದ ತಿಕ್ಕು, ಬೆಕ್ಕು ಬುಟ್ಟೋಗಲ್ಲ ಎಂದು ಕೊಟ್ಟಳು.

ಬೇರು ತಿಕ್ಕಿಸಿಕೊಂಡ ಗೂಟ ಜಟಕಾದಲ್ಲಿ ಬಂದು ಅಮಲ್ದಾರರ ಹಜಾರದಲ್ಲಿ, ಮಹಾರಾಜರ ಪಟದ ಕೆಳಗೆ, ಸೋಫಾದ ಪಕ್ಕದಲ್ಲಿ ನಿಂತಿತು. ಅಮಲ್ದಾರರು ಉರಿದುಬಿದ್ದರು. ದನ ಕಟ್ಟುವ ಗೂಟ ಮನೆಯೊಳಗೆ ಬರುವುದೆಂದರೇನು, ಹಿತ್ತಲಿಗೆ ಹಾಕು ಎಂದರು. ಹಿತ್ತಲಿಗೆ ಹಾಕಿದರೆ ಹಿತ್ತಲಿನಲ್ಲಿ ಪರಚುತ್ತಾನೆ, ಹಜಾರದಲ್ಲಿ ಎದ್ದು ಮೈ ಮುರಿದಾಗ ಸೋಫಾವನ್ನೇ ಪರಚುತ್ತಾನೆ, ಎರಡೂ ಅಕ್ಕಪಕ್ಕವೇ ಇರಬೇಕು ಸ್ವಾಮಿ ಎಂದೆ. ಅಷ್ಟರಲ್ಲಿ ಜೋಯಿಸ ಬಂದ. ಹಗ್ಗ ಮೂಸಿದ. ಕೆನ್ನೆ ತಿಕ್ಕಿದ. ಉರುಳಿಬಿದ್ದು ಹೊರಳಾಡಿದ. ಎದ್ದು, ಎರಡು ಕಾಲಿನ ಮೇಲೆ ಉದ್ದಕ್ಕೆ ನಿಂತು, ಪರ ಪರ ಎಂದು ಹಗ್ಗ ಎಳೆದ. ಅಕ್ಕಯ್ಯ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗೂಟ ಅಲ್ಲೇ ಉಳಿಯಿತು.

ಎಂಟು ದಿನ ಸೋಫಾದಲ್ಲಿ ಒಂದು ಎಳೆಯೂ ಎದ್ದಿರಲಿಲ್ಲ. ನಾನು ದಿನಾ ಆಸ್ಪತ್ರೆ ಮುಗಿಸಿ ಬಂದು ನೋಡಿ ಹೋಗುತ್ತಿದ್ದೆ. ಒಂಬತ್ತನೆಯ ದಿನ ಅಮಲ್ದಾರರ ತಂದೆಯ ಶ್ರಾದ್ಧ. ಆ ದಿನ ಹೊರಗಿನವರು ಬರಬಾರದು ಎಂದರು, ಹೋಗಲಿಲ್ಲ. ಅದರ ಮಾರನೆಯ ದಿನದಿಂದ ಪಕ್ಕದ ಹಳ್ಳಿಯ ದನಗಳಿಗೆ ಕುಂದು ರೋಗ ತಗುಲಿದೆಯೆಂದು ಡಾಕ್ಟರು ನನ್ನನ್ನು ಕರೆದುಕೊಂಡು ಹೋದರು. ಚುಚ್ಚುಮದ್ದು ಹಾಕುವುದರಲ್ಲೇ ಮೂರು ದಿನ ಕಳೆಯಿತು. ವಾಪಸು ಬಂದಾಗ ಅಮಾವಾಸ್ಯೆಗೆ ಒಂದು ದಿನ ಉಳಿದಿತ್ತು. ಆಸ್ಪತ್ರೆಯಲ್ಲಿ ಚೀಟಿ ಕಾಯುತ್ತಿತ್ತು. ಅಮಲ್ದಾರರ ಕೈಬರಹ. ಸೋಫಾದಲ್ಲಿ ಐದು ಎಳೆ ಎದ್ದಿದೆ, ಕರಾರಿನಂತೆ ಡಾಕ್ಟರೂ ಕಾಂಪೌಂಡರೂ ಇವತ್ತೇ ಬರಬೇಕು.

ಡಾಕ್ಟರು ಚೀಲಕ್ಕೆ ಚಾಕು, ದಾರ, ಕ್ಲೋರೋಫಾರ್ಮ್ ಸೀಸೆ ತುಂಬಿದರು. ದಾರಿಯಲ್ಲಿ ಸೀಸೆ ನನ್ನ ಕೈಗೆ ಕೊಡಬಂದರು, ನಾನು ತೆಗೆದುಕೊಳ್ಳಲಿಲ್ಲ.

ಹಜಾರಕ್ಕೆ ಕಾಲಿಟ್ಟ ಕೂಡಲೇ ನನಗೆ ಕಂಡದ್ದು ಖಾಲಿ ಜಾಗ. ಗೂಟ ಇರಲಿಲ್ಲ. ಶ್ರಾದ್ಧದ ದಿನ ಬ್ರಾಹ್ಮಣರು ಕೂರುವ ಜಾಗಕ್ಕೆ ಅಡ್ಡ ಎಂದು ಬಚ್ಚಲಿನ ಹಿಂದೆ ಸಾಗಿಸಿದ್ದರಂತೆ, ಆಮೇಲೆ ಯಾರೂ ವಾಪಸು ತಂದಿಡಲಿಲ್ಲ. ನಾಲ್ಕು ದಿನ ಜೋಯಿಸ ಅದೇ ಜಾಗಕ್ಕೆ ಬಂದು ಗೂಟ ಹುಡುಕಿ, ಸಿಗದೆ, ಪಕ್ಕದಲ್ಲಿದ್ದುದನ್ನು ಪರಚಿದ್ದ. ನಾನು ಅಮಲ್ದಾರರಿಗೆ ನೇರವಾಗಿ ಹೇಳಿದೆ, ಕರಾರು ಮುರಿದವರು ನೀವು ಎಂದು. ನನ್ನ ದನಿ ಏರಿತ್ತು. ಡಾಕ್ಟರು ನನ್ನ ತೋಳು ಹಿಡಿದರು, ಕೊಸರಿಕೊಂಡೆ. ಅಮಲ್ದಾರರು ದನಿ ಏರಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ ಕತ್ತರಿಸುತ್ತೇನೆ ಎಂದವನು ನೀನು, ಕತ್ತರಿಸಿದ್ದರೆ ಎಳೆ ಏಳುತ್ತಿತ್ತೇ ಎಂದರು. ಅಕ್ಕಯ್ಯ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕತ್ತರಿಸದಂತೆ ತಡೆದವರು ಯಾರು ಎಂದು ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಚೀಲವನ್ನು ಮೇಜಿನ ಮೇಲಿಟ್ಟು ಬಕಲ್ಲು ಬಿಚ್ಚತೊಡಗಿದರು.

ಅಕ್ಕಯ್ಯ ಒಳಗೆ ಹೋದರು. ವಾಪಸು ಬಂದಾಗ ಜೋಯಿಸ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅವರ ತೋಳಿನಲ್ಲಿದ್ದ. ನೇರವಾಗಿ ಬಂದು ಸೋಫಾದ ಮೇಲೆ ಕೂತರು. ಮಡಿಯವರು ಅವರು, ಯಾರು ಯಾರೋ ಕೂತೆದ್ದ ಆ ಸೋಫಾದ ಮೇಲೆ ಒಂದು ದಿನವೂ ಕೂತವರಲ್ಲ.

"ತೆಗಿಯಪ್ಪಾ ನಿನ್ನ ಕತ್ತರಿ," ಎಂದರು ನನಗೆ.

ಅಮಲ್ದಾರರು ಬೆಚ್ಚಿದರು. ಅಕ್ಕಾ, ಪಕ್ಷ, ನಾಳೆ ಅಮಾವಾಸ್ಯೆ, ಅದೂ ಮನೆಯೊಳಗೆ, ನಡುಹಜಾರದಲ್ಲಿ ಉಗುರು ಬೀಳಿಸುತ್ತೀಯಾ ಎಂದು ತಡವರಿಸಿದರು. ತಮ್ಮನ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು.

ಅಕ್ಕಯ್ಯ ತಲೆ ಎತ್ತಿದರು. "ಪಕ್ಷದಲ್ಲಿ ಉಗುರಿನ ತುದಿ ತೆಗೀಬಾರದು. ಬೆರಳು ಸಮೇತ ಕುಯ್ಯಬಹುದೇನೋ?"

ನನಗೆ ಹೊಳೆಯಬೇಕಾಗಿದ್ದ ಮಾತು ಅದು. ಇಷ್ಟು ದಿನ ಪಕ್ಷ ಪಕ್ಷ ಎಂದು ಒದ್ದಾಡಿದ್ದೆ, ಅದೇ ಪಕ್ಷದಲ್ಲಿ ಅಮಲ್ದಾರರು ಚಾಕು ಕರೆಸಿದ್ದಾರೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಅಮಲ್ದಾರರಿಗೂ ಬಂದಿರಲಿಲ್ಲ, ಅವರ ಮುಖವೇ ಹೇಳುತ್ತಿತ್ತು.

"ಪಿತೃಗಳಿಗೆ ನಾನು ಹೇಳ್ಕೋತೀನಿ," ಎಂದರು ಅಕ್ಕಯ್ಯ. "ತುದಿ ತೆಗೆಸ್ದೆ ಅಂತ ಹೇಳೋದು ನನಗೆ ಸುಲಭ. ಇನ್ನೊಂದನ್ನ ನೀನು ಹೇಳ್ಕೋ."

ನಾನು ಜೇಬಿನಿಂದ ಕತ್ತರಿ ತೆಗೆದು ನೆಲದ ಮೇಲೆ ಕೂತೆ. ಮೊದಲು ಒಂದು ನಿಮಿಷ ಬರೀ ಬೆರಳು ಅದುಮಿ ಬಿಟ್ಟೆ. ಬೀದಿಕಿಟಕಿಯಿಂದ ಬೆಳಕು ಚೆನ್ನಾಗಿತ್ತು, ಕೆಂಪು ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಲಗಾಲು ಐದು, ಎಡಗಾಲು ಐದು. ಅಕ್ಕಯ್ಯ ಮೆಲ್ಲಗೆ ಎಣಿಸಿದರು. ಜೋಯಿಸ ಎಂಟನೆಯದಕ್ಕೆ ಒಮ್ಮೆ ಕಾಲು ಎಳೆದುಕೊಂಡ, ಕಾದೆ, ಮತ್ತೆ ಕೊಟ್ಟ. ಚೂರುಗಳು ಗಾರೆಯ ಮೇಲೆ ಬಿದ್ದವು. ಈ ಸಲ ಅಕ್ಕಯ್ಯ ಅವನ್ನು ಹುಡುಕಲಿಲ್ಲ. ಹತ್ತನೆಯದು ಮುಗಿದಾಗ ತಲೆಯೆತ್ತಿ ನೋಡಿದರೆ ಡಾಕ್ಟರು ಚೀಲದ ಬಕಲ್ಲು ಹಾಕುತ್ತಿದ್ದರು. ತಮ್ಮ ತಂದೆಯ ಪಕ್ಷವೂ ಇನ್ನೂ ಆಗಿಲ್ಲ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಗೆ ಹೋದರು. ಆ ಆಪರೇಷನ್ನನ್ನು ಅವರು ಯಾವತ್ತೂ ಮಾಡಿ ನೋಡಿದವರಲ್ಲ, ಅವರಿಗೂ ಒಳಗೊಳಗೇ ಪುಕಪುಕ ಇತ್ತು ಎಂಬುದು ನನಗೆ ಬಹಳ ದಿನದ ಮೇಲೆ ತಿಳಿಯಿತು.

ಬಚ್ಚಲಿನ ಹಿಂದಿನಿಂದ ಗೂಟವನ್ನು ನಾನೇ ಹೊತ್ತು ತಂದು ಮೊದಲಿದ್ದ ಜಾಗದಲ್ಲಿ ನಿಲ್ಲಿಸಿದೆ. ಅಮಲ್ದಾರರು ನೋಡುತ್ತಾ ನಿಂತರು, ಬೇಡ ಎನ್ನಲಿಲ್ಲ. ನವರಾತ್ರಿಯ ಒಂಬತ್ತು ದಿನವೂ ಅದು ಮಹಾರಾಜರ ಪಟದ ಕೆಳಗೇ ಇತ್ತು. ಬಾಗಿನಕ್ಕೆ, ಬೊಂಬೆ ನೋಡುವುದಕ್ಕೆ ಬಂದವರು ಇದೇನು ಎಂದು ಕೇಳಿದರೆ ಅಮಲ್ದಾರರೇ, ಅದು ಜೋಯಿಸರ ಗೂಟ ಎನ್ನುತ್ತಿದ್ದರಂತೆ. ಪೇಟ ಸರಿಮಾಡಿಸಿಕೊಂಡು ದರ್ಬಾರಿಗೆ ಹೋಗಿಬಂದರು. ಒಂದು ಎಳೆಯೂ ಏಳಲಿಲ್ಲ.

ದೀಪಾವಳಿಗೆ ಮುಂಚೆ ನನಗೆ ವರ್ಗದ ಆರ್ಡರು ಬಂತು. ಅದೇ ಕಾಡಂಚಿನ ಡಿಸ್ಪೆನ್ಸರಿ. ಮಾಡಿಸಿದವರು ಯಾರು ಎಂದು ನಾನು ವಿಚಾರಿಸಲಿಲ್ಲ, ರದ್ದು ಮಾಡಿಸಲು ಯಾರ ಮನೆಗೂ ಹೋಗಲಿಲ್ಲ. ಮಾಡಬೇಡ ಎಂದದ್ದನ್ನು ಮಾಡಿದ್ದೇನೆ, ಮಾಡು ಎಂದದ್ದನ್ನು ಮಾಡಿಲ್ಲ, ಅದಕ್ಕೆ ಕಾಡಾದರೇನು. ಹೊರಡುವ ಮುಂಚೆ ಮೂರು ಮಧ್ಯಾಹ್ನ ಅಕ್ಕಯ್ಯನ ಜೊತೆ ಒಗೆಯುವ ಕಲ್ಲಿನ ಹತ್ತಿರ ಕೂತೆ. ಅಕ್ಕಸಾಲಿಯಿಂದ ಅದೇ ಥರದ ಇನ್ನೊಂದು ಕತ್ತರಿ ಮಾಡಿಸಿ ಅವರಿಗೆ ಕೊಟ್ಟಿದ್ದೆ. ಬೆರಳು ಅದುಮುವುದು, ಕೆಂಪು ನೋಡುವುದು, ಅಕ್ಕಿಕಾಳಿನಷ್ಟು ಬಿಡುವುದು, ಹೆಬ್ಬೆರಳು ಮರೆಯದಿರುವುದು ಎಲ್ಲ ಹೇಳಿಕೊಟ್ಟೆ. ಮೊದಲ ದಿನ ಕತ್ತರಿ ಹಿಡಿಯಲು ಹೆದರಿದರು. ಮೂರನೆಯ ದಿನ ಹಿಂಗಾಲುಗಳ ನಾಲ್ಕು ನಾಲ್ಕು ಉಗುರನ್ನೂ ಮುಗಿಸಿದರು. ಆವತ್ತು ಶುಕ್ರವಾರ. ನಾನು ನೆನಪಿಸಲಿಲ್ಲ, ಅವರೂ ಎತ್ತಲಿಲ್ಲ.

ಕಾಡಂಚಿನ ಆ ಊರಿನಲ್ಲಿ ಏಳು ವರ್ಷ ಕಳೆದೆ. ಕೊನೆಯ ವರ್ಷ ಅಕ್ಕಯ್ಯನ ಒಂದು ಕಾರ್ಡು ಬಂತು. ಅಕ್ಷರಗಳು ದಪ್ಪ ದಪ್ಪ, ಬರೆದು ಅಭ್ಯಾಸವಿಲ್ಲದವರ ಕೈ. ಜೋಯಿಸನಿಗೆ ವಯಸ್ಸಾಗಿತ್ತು, ಎರಡು ದಿನ ಅನ್ನ ಮುಟ್ಟಲಿಲ್ಲ, ಗೂಟದ ಬುಡದಲ್ಲೇ ಮಲಗಿಕೊಂಡ. ಹಿತ್ತಲಿನಲ್ಲಿ ಮಣ್ಣು ಮಾಡಿಸಿದೆ. ಅದಕ್ಕೆ ಮುಂಚೆ ನಾಲ್ಕೂ ಕಾಲು ತೊಳೆದು ಒಂದೊಂದೇ ಬೆರಳು ಅದುಮಿ ನೋಡಿದೆ. ಹದಿನೆಂಟೂ ಇದ್ದವಪ್ಪಾ.

ವರ್ಗದ ಆರ್ಡರಿನ ಜೊತೆಗೇ ಆ ಕಾರ್ಡನ್ನೂ ಇಟ್ಟಿದ್ದೇನೆ.